ಸೈಕಲ್ ಸರಿ ಇದೆ, ದಾರಿ ರಿಪೇರಿ ಮಾಡಿ

ಸಂಪಾದಕರಿಗೆ ನಮಸ್ಕಾರ.

ನಾನು ಮೈಸೂರಿನ ಒಂಟಿಕೊಪ್ಪಲಿನಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಶಾಪ್ ಅಂದರೆ ಗಾಜು, ಬೋರ್ಡು, ಏಸಿ ಇರುವ ಅಂಗಡಿ ಅಲ್ಲ. ಹತ್ತಡಿ ಅಗಲದ ಜಾಗ, ಒಂದು ಕಾಲು ಪಂಪು, ಪಂಚರ್ ನೋಡಲು ನೀರಿನ ಬಾಂಡಲಿ, ಗೋಡೆ ತುಂಬ ಹಳೇ ಟೈರು. ಅಪ್ಪ ಶುರು ಮಾಡಿದ ಅಂಗಡಿ. ಆಗ ಗಂಟೆಗೆ ಇಷ್ಟು ಪೈಸೆ ಅಂತ ಬಾಡಿಗೆ ಸೈಕಲ್ ಕೊಡುತ್ತಿದ್ದೆವು. ಈಗ ಬಾಡಿಗೆ ಇಲ್ಲ, ರಿಪೇರಿ ಮಾತ್ರ. ನನಗೆ 61 ವರ್ಷ. ಪೇಪರಿಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಉದ್ದವಾದರೆ ಕತ್ತರಿಸಿ, ಆದರೆ ಚರಂಡಿ ಜಾಲರಿಯ ವಿಷಯ ಮಾತ್ರ ಕತ್ತರಿಸಬೇಡಿ.

ಶಾಲೆಗಳು ಶುರುವಾಗಿ ಮೂರು ವಾರವಾಯಿತು. ಮೊದಲೆಲ್ಲ ಜೂನ್ ಬಂದರೆ ನನಗೆ ಊಟಕ್ಕೆ ಬಿಡುವಿರುತ್ತಿರಲಿಲ್ಲ. ರಜೆಯಲ್ಲಿ ಅಟ್ಟದ ಮೇಲೆ, ಮೆಟ್ಟಿಲ ಕೆಳಗೆ ಬಿದ್ದಿದ್ದ ಸೈಕಲ್‌ಗಳೆಲ್ಲ ಹೊರಗೆ ಬರುತ್ತಿದ್ದವು. ಬ್ರೇಕ್ ಬ್ಲಾಕ್ ಬದಲಾಯಿಸುವುದು, ಚೈನಿಗೆ ಎಣ್ಣೆ ಬಿಡುವುದು, ಹುಡುಗ ಎತ್ತರ ಆಗಿದ್ದಾನೆ ಅಂತ ಸೀಟು ಎತ್ತರಿಸುವುದು. ಸೀಟು ಎಷ್ಟು ಎತ್ತರಿಸಿದೆ ಅನ್ನುವುದರಿಂದಲೇ ಯಾವ ಮಗು ಎಷ್ಟು ಬೆಳೆದಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಈ ಜೂನ್‌ನಲ್ಲಿ ಮಧ್ಯಾಹ್ನ ನಿದ್ದೆ ಮಾಡುವಷ್ಟು ಪುರುಸೊತ್ತಿದೆ.

ಸೈಕಲ್ ಕೊಳ್ಳುವವರು ಕಡಿಮೆಯಾಗಿದ್ದಾರೆ ಅಂತಲ್ಲ. ಹುಟ್ಟುಹಬ್ಬಕ್ಕೆ ಗೇರ್ ಸೈಕಲ್ ಕೊಡಿಸುತ್ತಾರೆ, ನಮ್ಮ ಕಾಲದ ಒಂದು ತಿಂಗಳ ಸಂಬಳ ಅದಕ್ಕೆ ಸಾಲುತ್ತಿರಲಿಲ್ಲ. ಆದರೆ ಅದು ಓಡುವುದು ಅಪಾರ್ಟ್‌ಮೆಂಟಿನ ಕಾಂಪೌಂಡ್ ಒಳಗೆ, ಭಾನುವಾರ. ಶಾಲೆಗೆ ಹೋಗುವ ಸೈಕಲ್ ಕಡಿಮೆಯಾಗಿದೆ. ಅದು ನನಗೆ ಹೇಗೆ ಗೊತ್ತು ಅಂದರೆ, ಕ್ಯಾರಿಯರ್ ಹಾಕಿಸಿಕೊಳ್ಳಲು ಯಾರೂ ಬರುತ್ತಿಲ್ಲ. ಬ್ಯಾಗ್ ಹೊರುವ ಸೈಕಲ್‌ಗೆ ತಾನೇ ಕ್ಯಾರಿಯರ್ ಬೇಕು?

ಈ ಕೆಲಸದಲ್ಲಿ ನಲವತ್ತು ವರ್ಷ ಕೂತವನಿಗೆ ಸೈಕಲ್ ನೋಡಿದರೆ ಏನಾಗಿದೆ ಅಂತ ಗೊತ್ತಾಗುತ್ತೆ. ಎಡಗಡೆ ಬ್ರೇಕ್ ಲಿವರ್‌ನ ತುದಿ ತರಚಿ, ಬಲಗಡೆ ಪೆಡಲ್ ಬಾಗಿದ್ದರೆ, ರಸ್ತೆ ಬದಿ ನಿಂತಿದ್ದ ಕಾರಿನ ಬಾಗಿಲು ತೆಗೆದಿದ್ದಾರೆ ಅಂತ ಅರ್ಥ. ಹ್ಯಾಂಡಲ್‌ನ ಎಡ ತುದಿ ಬಾಗಿಲಿಗೆ ಸಿಕ್ಕಿ, ಮಗು ಬಲಕ್ಕೆ, ಅಂದರೆ ನಡು ರಸ್ತೆ ಕಡೆಗೆ ಬಿದ್ದಿದೆ. ಹಿಂದಿನಿಂದ ಬಸ್ಸು ಬರುತ್ತಿರಲಿಲ್ಲ, ಅಷ್ಟು ಪುಣ್ಯ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಇದ್ದರೆ ಗುಂಡಿಯ ಅಂಚಿಗೆ ಹೊಡೆದಿದೆ, ಗಾಳಿಯೂ ಕಡಿಮೆ ಇತ್ತು. ಒಂದೇ ತೂತು, ದುಂಡಗೆ, ಬೆರಳ ತುದಿಯಷ್ಟು ದಪ್ಪ ಇದ್ದರೆ ಅದು ಮೊಳೆ ಅಲ್ಲ, ಬೋಲ್ಟು. ಈ ಕಪ್ಪು ಹಳದಿ ಪ್ಲಾಸ್ಟಿಕ್ ಹಂಪ್ ಹಾಕುತ್ತಾರಲ್ಲ, ಅದು ಆರು ತಿಂಗಳಿಗೆ ಕಿತ್ತು ಹೋಗುತ್ತೆ. ಹಂಪ್ ಹೋಗುತ್ತೆ, ಅದನ್ನು ಹಿಡಿದಿದ್ದ ಬೋಲ್ಟು ಮಾತ್ರ ರಸ್ತೆಯಲ್ಲೇ ತಲೆ ಎತ್ತಿ ನಿಂತಿರುತ್ತೆ. ಕಾರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ನನ್ನ ವ್ಯಾಪಾರಕ್ಕೆ ಒಳ್ಳೆಯದೇ ಬಿಡಿ. ಆದರೂ ನಾನೇ ಸುತ್ತಿಗೆ ತೆಗೆದುಕೊಂಡು ಹೋಗಿ ನಮ್ಮ ಕ್ರಾಸಿನ ನಾಲ್ಕು ಬೋಲ್ಟು ಬಡಿದು ಬಂದಿದ್ದೇನೆ.

ಮುಂದಿನ ಚಕ್ರದ ರಿಮ್ಮು ಒಂದೇ ಕಡೆ ಒಳಕ್ಕೆ ತಗ್ಗಾಗಿ, ಆ ಚಕ್ರ ಹಿಡಿದಿರುವ ಫೋರ್ಕ್‌ನ ಎರಡೂ ಕಾಲು ಹಿಂದಕ್ಕೆ ಬಾಗಿದ್ದರೆ ನಾನು ಸೈಕಲ್ ಬಿಟ್ಟು ಮೊದಲು ಮಗುವಿನ ಮುಖ ನೋಡುತ್ತೇನೆ. ಅದು ಜಾಲರಿ.

ಮಳೆ ನೀರು ಚರಂಡಿಗೆ ಇಳಿಯಲಿ ಅಂತ ರಸ್ತೆಯ ಅಂಚಿನಲ್ಲಿ ಕಬ್ಬಿಣದ ಜಾಲರಿ ಹಾಕಿರುತ್ತಾರೆ. ಅದರ ಸರಳು ರಸ್ತೆ ಉದ್ದಕ್ಕೆ ಇರಬಾರದು, ಅಡ್ಡಕ್ಕೆ ಇರಬೇಕು. ಸೈಕಲ್ ತುಳಿಯುವ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ನಮ್ಮ ಅಂಗಡಿಯಿಂದ ಕೂಗಳತೆಯಲ್ಲಿರುವ ಜಾಲರಿಯಲ್ಲಿ ಸರಳು ಉದ್ದಕ್ಕೆ ಇದ್ದವು. ಸಂದಿಯಲ್ಲಿ ನನ್ನ ಮೂರು ಬೆರಳು ಸಲೀಸಾಗಿ ಇಳಿಯುತ್ತಿತ್ತು. ಮಕ್ಕಳ ಸೈಕಲ್ ಟೈರಿನ ಅಗಲ ಒಂದೂಮುಕ್ಕಾಲು ಇಂಚು. ಅದೂ ಸಲೀಸಾಗಿ ಇಳಿಯುತ್ತೆ. ಚಕ್ರ ಇಳಿದರೆ ಸೈಕಲ್ ಅಲ್ಲೇ ನಿಲ್ಲುತ್ತೆ, ಮಗು ನಿಲ್ಲುವುದಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಏಳನೇ ಕ್ಲಾಸಿನ ಒಂದು ಹುಡುಗಿ ಹೀಗೆ ಬಿದ್ದಳು. ಜಾಲರಿ ಮೇಲೆ ನೀರು ನಿಂತಿತ್ತು, ಕಾಣಲಿಲ್ಲ. ಎಡಗಡೆ ಅಂಚಿನಲ್ಲೇ ಹೋಗು ಅಂತ ಮನೆಯಲ್ಲಿ ಹೇಳಿ ಕಳಿಸಿದ್ದರು. ಅವಳು ಮಾತು ಕೇಳುವ ಹುಡುಗಿ, ಅಂಚಿನಲ್ಲೇ ಹೋದಳು. ಗಲ್ಲಕ್ಕೆ ಹೊಲಿಗೆ ಬಿತ್ತು. ಎರಡು ದಿನ ಬಿಟ್ಟು ಅವಳ ಅಮ್ಮ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದರು, ಹುಡುಗಿಯೂ ಜೊತೆಗಿದ್ದಳು.

"ಫೋರ್ಕ್ ನೆಟ್ಟಗೆ ಮಾಡಬಹುದು ಮೇಡಂ, ರಿಮ್ಮು ಬದಲಾಯಿಸಬೇಕು" ಅಂದೆ.

"ರಿಪೇರಿ ಬೇಡ. ಯಾರಾದರೂ ತಗೊಳ್ಳೋರಿದ್ರೆ ಮಾರಿಸಿಕೊಡಿ" ಅಂದರು.

ಹುಡುಗಿ ಏನೂ ಮಾತಾಡಲಿಲ್ಲ. ಹ್ಯಾಂಡಲ್ ಮೇಲಿದ್ದ ಬೆಲ್ಲನ್ನು ಒಂದು ಸಲ ಹೊಡೆದಳು. ಆಮೇಲೆ ನನ್ನ ಕಡೆ ನೋಡಿ, "ಅಂಕಲ್, ಇದೊಂದು ಬಿಚ್ಚಿಕೊಡ್ತೀರಾ?" ಅಂತ ಕೇಳಿದಳು. ಹತ್ತನೇ ನಂಬರ್ ಸ್ಪ್ಯಾನರ್‌ನಲ್ಲಿ ಬಿಚ್ಚಿ ಕೊಟ್ಟೆ. ಜೇಬಿಗೆ ಹಾಕಿಕೊಂಡು ಅಮ್ಮನ ಸ್ಕೂಟರ್ ಹತ್ತಿ ಹೋದಳು. ಆ ಸೈಕಲ್ ಇನ್ನೂ ನನ್ನ ಹತ್ತಿರವೇ ಇದೆ. ಫೋರ್ಕ್ ನೆಟ್ಟಗೆ ಮಾಡಿಟ್ಟಿದ್ದೇನೆ. ಯಾಕೋ ಮಾರಲು ಕೈ ಬರಲಿಲ್ಲ.

ಆ ಅಮ್ಮನನ್ನು ನಾನು ತಪ್ಪು ಅನ್ನುವುದಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಜಾಲರಿ ಬಗ್ಗೆ ನಾನು ಒಂದು ಕಚೇರಿಗೆ ಹೋಗಿ ಹೇಳಿದೆ. ಅದು ರಸ್ತೆಯಲ್ಲ, ಚರಂಡಿ, ಇನ್ನೊಂದು ಸೆಕ್ಷನ್‌ಗೆ ಹೋಗಿ ಅಂದರು. ಅಲ್ಲಿ ಹೋದರೆ, ನೀರು ಇಳಿಯುತ್ತಿದೆಯಲ್ಲ, ಮತ್ತೇನು ತೊಂದರೆ ಅಂದರು. ನಿಜ, ನೀರು ಚೆನ್ನಾಗಿ ಇಳಿಯುತ್ತಿತ್ತು. ಅರ್ಜಿ ಬರೆದು ಕೊಟ್ಟು ಬಂದೆ. ಮೂರು ತಿಂಗಳು ಕಾದೆ. ಜಾಲರಿ ಚೌಕವಾಗಿದ್ದಿದ್ದರೆ ಎತ್ತಿ ತಿರುಗಿಸಿ ಇಟ್ಟರೆ ಮುಗಿಯುತ್ತಿತ್ತು, ಅದು ಉದ್ದುದ್ದ ಇತ್ತು. ಆದರೂ ದೊಡ್ಡ ಕೆಲಸವೇನಲ್ಲ. ಮೇಲೆ ಅಡ್ಡಲಾಗಿ ನಾಲ್ಕು ಪಟ್ಟಿ ವೆಲ್ಡ್ ಮಾಡಿದರೆ ಆಯಿತು. ನೀರೂ ಇಳಿಯುತ್ತೆ, ಚಕ್ರವೂ ಇಳಿಯಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ನಾನು, ಪಕ್ಕದ ವೆಲ್ಡಿಂಗ್ ಶಾಪಿನ ಹುಡುಗ, ಹೂವಿನ ಅಂಗಡಿಯವರು ಸೇರಿ ನಾವೇ ಮಾಡಿದೆವು. ಒಂದು ಗಂಟೆಯೂ ಹಿಡಿಯಲಿಲ್ಲ. ಪಟ್ಟಿಗೆ ಮುನ್ನೂರು ರೂಪಾಯಿ ಆಯಿತು. ಕಾಫಿ ಹೂವಿನವರದು. ಸರ್ಕಾರಿ ಆಸ್ತಿ ಮುಟ್ಟಿದ್ದು ಅಪರಾಧವಾದರೆ ಈ ಪತ್ರವನ್ನೇ ತಪ್ಪೊಪ್ಪಿಗೆ ಅಂತ ಇಟ್ಟುಕೊಳ್ಳಲಿ.

ಆದರೆ ಊರಿನ ಜಾಲರಿಗಳನ್ನೆಲ್ಲ ನಾನು ವೆಲ್ಡ್ ಮಾಡಲು ಆಗುತ್ತಾ?

ಸೈಕಲ್ ಅಂದರೆ ನಮ್ಮ ದೊಡ್ಡವರಿಗೆ ತಟ್ಟನೆ ಹೊಳೆಯುವುದು ಹೊಸ ಸೈಕಲ್ ಕೊಡುವುದು, ಇಲ್ಲಾ ಹೊಸ ಪಥ ಮಾಡುವುದು. ಎರಡೂ ಒಳ್ಳೆಯದೇ. ನಾನು ಅದನ್ನು ಹೀಯಾಳಿಸುವುದಿಲ್ಲ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಾನೇ ಖುಷಿಪಟ್ಟವನು. ಬೆಳಗೊಳದ ಕಡೆಯಿಂದ ಹೆಣ್ಣುಮಕ್ಕಳು ಸಾಲಾಗಿ ಬರುವುದನ್ನು ನೋಡಿದ್ದೇನೆ. ಆ ಸೈಕಲ್‌ಗಳ ನಟ್ ಸಡಿಲ ಇರುತ್ತಿತ್ತು, ಸೀಟು ಅಲ್ಲಾಡುತ್ತಿತ್ತು. ಮೊದಲ ವಾರ ಬಿಗಿ ಮಾಡಿಕೊಡುವುದೇ ಕೆಲಸ. ಅದಕ್ಕೆ ನಾನು ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಗಾಳಿಗೂ ಇಲ್ಲ. ಕೊರೊನಾ ಬಂದ ಮೇಲೆ ಆ ಸಾಲು ಕಾಣಲಿಲ್ಲ.

ಆಮೇಲೆ 2017ರ ಜೂನ್‌ನಲ್ಲಿ ನಮ್ಮ ಊರಿಗೆ 'ಟ್ರಿಣ್ ಟ್ರಿಣ್' ಬಂತು. ಸುಮಾರು 450 ಸೈಕಲ್, ಊರಿನ ಬೇರೆ ಬೇರೆ ಕಡೆ ಅದಕ್ಕೆ ನಿಲ್ದಾಣ. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಬಾಡಿಗೆ ಸೈಕಲ್ ಕೊಡುತ್ತಿದ್ದವನ ಮಗ ನಾನು, ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಅಪ್ಪ ಮಾಡುತ್ತಿದ್ದ ವ್ಯಾಪಾರವನ್ನೇ ಕಾರ್ಡು ಕೊಟ್ಟು ಮಾಡುತ್ತಿದ್ದಾರೆ ಅನ್ನಿಸಿತು. ದೇಶದ ಬೇರೆ ಊರಿನವರೆಲ್ಲ ಬಂದು ನೋಡಿಕೊಂಡು ಹೋದರು. ಆದರೆ ಐದನೇ ಕ್ಲಾಸಿನ ಹುಡುಗಿಗೆ ಆ ಸೈಕಲ್ ಪೆಡಲ್ ಎಟುಕುವುದಿಲ್ಲ. ಅವಳದೇ ಸೈಕಲ್ ಅವಳ ಮನೆಯಲ್ಲಿದೆ. ಅವಳಿಗೆ ಬೇಕಿರುವುದು ಸೈಕಲ್ ಅಲ್ಲ.

ಪಥದ ಕಥೆ ಬೇರೆ. ನನ್ನ ತಂಗಿ ಬೆಂಗಳೂರಿನ ಜಯನಗರದಲ್ಲಿದ್ದಾಳೆ. ಅಲ್ಲಿ ಸೈಕಲ್‌ಗೆ ಅಂತ ಪಥ ಮಾಡಿದ್ದನ್ನು ಅವಳೇ ಕರೆದುಕೊಂಡು ಹೋಗಿ ತೋರಿಸಿದಳು. ನಾನು ನೋಡಿದ ದಿನ ಅದರ ಮೇಲೆ ಎಳನೀರು ಗಾಡಿ, ಇಸ್ತ್ರಿ ಗಾಡಿ, ಮಿಕ್ಕ ಜಾಗದಲ್ಲೆಲ್ಲ ಕಾರು. ಪಾಪ, ಎಳನೀರಿನವನನ್ನು ಬೈದು ಏನು ಪ್ರಯೋಜನ? 2020ರಲ್ಲಿ ಅಲ್ಲಿನ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಸೈಕಲ್ ದಾರಿ ಬೇರೆ ಮಾಡಿದರು. ಕಂಬಗಳು ಮುರಿದವು, ಬೈಕಿನವರು ನುಗ್ಗಿದರು. ಬರೀ ಬಣ್ಣ ಬಳಿದರೆ ಸೈಕಲ್ ದಾರಿ ಆಗಲ್ಲ. ಒಂದು ಗೇಣು ಎತ್ತರದ ಕಲ್ಲಿನ ಕಟ್ಟೆ ಅಡ್ಡ ಇರಬೇಕು, ಕಾರು ಹತ್ತಬಾರದು. ಆಗದಿದ್ದರೆ ಪಥ ಮಾಡುವುದೇ ಬೇಡ, ಆ ದುಡ್ಡನ್ನು ದಾಟುವ ಜಾಗಗಳಿಗೆ ಹಾಕಿ.

ನಾನು ಹೇಳಬೇಕಾದ್ದು ಇದೇ. ಮಕ್ಕಳು ಹತ್ತು ಕಿಲೋಮೀಟರ್ ಉದ್ದದ ಪಥದಲ್ಲಿ ಶಾಲೆಗೆ ಹೋಗುವುದಿಲ್ಲ. ಒಂದೂವರೆ, ಎರಡು ಕಿಲೋಮೀಟರ್ ಹೋಗುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಒಳ ಕ್ರಾಸುಗಳು, ಅಲ್ಲಿ ಈಗಲೂ ಭಯವಿಲ್ಲ. ಭಯ ಇರುವುದು ಎರಡೋ ಮೂರೋ ಕಡೆ. ಆ ಎರಡು ಮೂರು ಕಡೆ ಸರಿ ಮಾಡಿದರೆ ಇಡೀ ದಾರಿ ಸರಿಯಾದಂತೆ. ಅಲ್ಲಿ ಒಂದು ಕಡೆ ಬಿಟ್ಟರೂ ಮಿಕ್ಕಿದ್ದೆಲ್ಲ ದಂಡ. ಚೈನಿನಲ್ಲಿ ಒಂದು ಕೊಂಡಿ ಬಿಟ್ಟರೆ ಸಾಕು, ಸೈಕಲ್ ನಿಲ್ಲುತ್ತೆ. ಹೊಸ ಹ್ಯಾಂಡಲ್ ಹಾಕಿ ಏನು ಮಾಡೋದು?

ನನ್ನ ಮನೆಯದನ್ನೇ ಹೇಳುತ್ತೇನೆ. ಮನೆ ಮಂಜುನಾಥಪುರದಲ್ಲಿ. ಮೊಮ್ಮಗಳ ಶಾಲೆ ಒಂಟಿಕೊಪ್ಪಲ ಕಡೆ. ಒಂದೂವರೆ ಕಿಲೋಮೀಟರ್ ಇರಬಹುದು. ನಡುವೆ ಕೆಆರ್‌ಎಸ್ ರಸ್ತೆ. ಬೆಳಿಗ್ಗೆ ಎಂಟೂಕಾಲಿಗೆ ಆ ರಸ್ತೆಯಲ್ಲಿ ಹೆಬ್ಬಾಳ, ಮೇಟಗಳ್ಳಿ ಕಡೆಯ ಕಾರ್ಖಾನೆ ಬಸ್ಸುಗಳು, ಆಫೀಸಿನವರು, ರಜಾ ದಿನವಾದರೆ ಬೃಂದಾವನಕ್ಕೆ ಹೊರಟ ಪ್ರವಾಸಿಗಳು. ಹುಡುಗಿಗೆ ಹತ್ತು ವರ್ಷ. ಕೈಯಾರೆ ಜೋಡಿಸಿದ 20 ಇಂಚಿನ ಸೈಕಲ್ ಕೊಟ್ಟಿದ್ದೇನೆ. ಆದರೆ ಅವಳು ಶಾಲೆಗೆ ಹೋಗುವುದು ಮಗನ ಸ್ಕೂಟರ್ ಹಿಂದೆ. ಒಂದು ದಿನ ಕೇಳಿಯೇಬಿಟ್ಟಳು: "ತಾತ, ಊರಿನವರ ಸೈಕಲ್ ಎಲ್ಲ ರಿಪೇರಿ ಮಾಡ್ತೀಯ. ನನ್ನ ಸೈಕಲ್ ಏನೂ ಆಗಿಲ್ಲ. ಮತ್ಯಾಕೆ ಮೊಳೆಗೆ ನೇತುಹಾಕಿದ್ದೀಯ?"

ಉತ್ತರ ಹೇಳಲಿಲ್ಲ. ಮಾರನೇ ದಿನ ಎಂಟು ಗಂಟೆಗೆ ಹೋಗಿ ಕೆಆರ್‌ಎಸ್ ರಸ್ತೆಯಲ್ಲಿ ಅವಳು ದಾಟಬೇಕಾದ ಕಡೆ ನಿಂತೆ. ಮೂರು ದಿನ ನಿಂತೆ. ಜಾಗ ಯಾವುದು ಅಂತ ಬರೆಯುವುದಿಲ್ಲ, ಬರೆದರೆ ಅಲ್ಲೊಂದು ಕಡೆ ಜೀಬ್ರಾ ಪಟ್ಟೆ ಬಳಿದು ಕೈ ತೊಳೆದುಕೊಳ್ಳುತ್ತಾರೆ. ಪಟ್ಟೆ ಈಗಲೂ ಇದೆ. ಪಟ್ಟೆ ಮೇಲೆ ನಿಂತು ಕಾಯಬೇಕು ಅಷ್ಟೆ. ಒಂದು ಬಸ್ಸು ನಿಂತರೆ ಅದರ ಪಕ್ಕದಿಂದ ಬೈಕು ತೂರುತ್ತೆ. ಮಕ್ಕಳು ಬಸ್ಸಿನ ಮರೆಯಲ್ಲಿ ಕಾಣುವುದಿಲ್ಲ. ದೊಡ್ಡವರು ಕೈ ಅಡ್ಡ ಮಾಡಿ ನುಗ್ಗುತ್ತಾರೆ. ಮಗುವಿನ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಬ್ರೇಕ್. ಯಾವ ಕೈ ಅಡ್ಡ ಮಾಡುತ್ತೆ?

ಅಲ್ಲಿ ಬೇಕಿರುವುದು ವೇಗ ಇಳಿಸುವುದು. ದಾಟುವ ಜಾಗವನ್ನೇ ಸ್ವಲ್ಪ ಎತ್ತರಿಸಿ ಕಟ್ಟಿದರೆ ವಾಹನ ತಾನಾಗಿ ನಿಧಾನವಾಗುತ್ತೆ. ನನ್ನ ಅಂಗಡಿಗೆ ಗಾಳಿ ಹೊಡೆಸಲು ಬರುವ ನಿವೃತ್ತ ಎಂಜಿನಿಯರ್ ಒಬ್ಬರು ಹೇಳಿದರು, ಹಂಪ್‌ಗೂ ಒಂದು ಲೆಕ್ಕ ಇದೆಯಂತೆ. ರಸ್ತೆ ಹೇಗಿರಬೇಕು ಅಂತ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ ಹೇಳಿದ ಅಳತೆ 3.7 ಮೀಟರ್ ಅಗಲ, ಮಧ್ಯೆ 10 ಸೆಂಟಿಮೀಟರ್ ಎತ್ತರ. ಹಾಗೆ ಕಟ್ಟಿದರೆ ಬಸ್ಸು ನಿಧಾನವಾಗುತ್ತೆ, ಸೈಕಲ್ ತೊಟ್ಟಿಲ ಹಾಗೆ ಏರಿ ಇಳಿಯುತ್ತೆ. ನಮ್ಮಲ್ಲಿ ರಾತ್ರೋರಾತ್ರಿ ಒಂದು ಮೊಳ ಅಗಲಕ್ಕೆ ದಿಂಡಿನ ಹಾಗೆ ಡಾಂಬರು ಸುರಿದು ಹೋಗುತ್ತಾರೆ. ಅದರ ಮೇಲೆ ಹತ್ತಿದರೆ ಕಾರಿನವನಿಗೆ ಸೊಂಟ ಉಳುಕುತ್ತೆ, ಸೈಕಲ್ಲಿಗೆ ಕಡ್ಡಿ ಮುರಿಯುತ್ತೆ. ಹೆಸರು ಮಾತ್ರ ಎರಡಕ್ಕೂ ಹಂಪೇ.

ದಸರಾ ಬಂದರೆ ನಮ್ಮ ಊರಿನಲ್ಲಿ ಏನೇನು ಆಗುತ್ತೆ ಅಂತ ಎಲ್ಲರಿಗೂ ಗೊತ್ತು. ಹತ್ತು ದಿನದಲ್ಲಿ ಗುಂಡಿ ಮುಚ್ಚುತ್ತೆ, ಬಣ್ಣ ಬೀಳುತ್ತೆ, ದೀಪ ಬರುತ್ತೆ, ಕೂಡುರಸ್ತೆಗಳಲ್ಲೆಲ್ಲ ಪೊಲೀಸರು ಇರುತ್ತಾರೆ. ಅಂದರೆ ಮಾಡಲು ಬರುತ್ತೆ. ಆನೆ ನಡೆಯುವ ದಾರಿಗೆ ಮಾಡುವ ಕೆಲಸದಲ್ಲಿ ಹತ್ತರಲ್ಲಿ ಒಂದು ಪಾಲು ಮಕ್ಕಳು ನಡೆಯುವ ದಾರಿಗೆ ಮೇ ತಿಂಗಳಲ್ಲಿ ಮಾಡಿ ಅಂತ ಕೇಳುತ್ತಿದ್ದೇನೆ.

ಇನ್ನು ಶಾಲೆಯ ಗೇಟು. ಇದನ್ನು ಬರೆಯಲು ಮುಜುಗರ, ಯಾಕಂದರೆ ತಪ್ಪು ನಮ್ಮದೂ ಇದೆ. ಎಂಟೂವರೆಗೆ ಯಾವುದೇ ಶಾಲೆಯ ಮುಂದೆ ಹೋಗಿ ನಿಲ್ಲಿ. ಕಾರು, ಸ್ಕೂಟರ್, ವ್ಯಾನು, ಆಟೋ. ಎಲ್ಲರೂ ಗೇಟಿಗೆ ಅಂಟಿಸಿಯೇ ಇಳಿಸಬೇಕು. ಒಬ್ಬರು ಹಿಂದಕ್ಕೆ ತೆಗೆಯುತ್ತಿರುತ್ತಾರೆ, ಇನ್ನೊಬ್ಬರು ಯೂಟರ್ನ್, ಮತ್ತೊಬ್ಬರು ಮಗುವಿನ ಟೈ ಸರಿ ಮಾಡುತ್ತಾ ಅರ್ಧ ರಸ್ತೆಯಲ್ಲಿ. ನಡೆದು ಬರುವ ಮಗು, ಸೈಕಲ್‌ನಲ್ಲಿ ಬರುವ ಮಗು ಇದರ ಮಧ್ಯೆ ತೂರಬೇಕು. ರಸ್ತೆ ಅಪಾಯ ಅಂತ ನಾವು ಗಾಡಿಯಲ್ಲಿ ಬಿಡುತ್ತೇವೆ, ನಾವೆಲ್ಲ ಗಾಡಿಯಲ್ಲಿ ಬಿಡುವುದರಿಂದಲೇ ಅಲ್ಲಿ ಅಪಾಯ. ನನ್ನ ಮಗನೂ ಆ ಗುಂಪಿನಲ್ಲಿದ್ದಾನೆ. ಅವನಿಗೆ ಇದನ್ನು ಹೇಳಿದೆ. "ನೀನೇ ಸೈಕಲ್ಲಲ್ಲಿ ಕಳಿಸು ನೋಡೋಣ" ಅಂದ. ನಾನು ಸುಮ್ಮನಾದೆ.

ನನಗೆ ತೋಚುವುದು ಇಷ್ಟು. ಶಾಲೆ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ವಾಹನ ಬೇಡ. ಅಲ್ಲಿ ಮನೆ ಇರುವವರು, ಆಂಬುಲೆನ್ಸು, ನಡೆಯಲು ಆಗದ ಮಗುವನ್ನು ಕರೆತರುವವರು, ಇವರಿಗೆ ಮಾತ್ರ ಬಿಡಿ. ಮಿಕ್ಕವರು ಇನ್ನೂರು ಮೀಟರ್ ಹಿಂದೆ ಇಳಿಸಿ, ಮಗು ನಡೆಯಲಿ. ಎರಡು ಬ್ಯಾರಿಕೇಡು, ಒಬ್ಬ ಹೋಂ ಗಾರ್ಡ್ ಸಾಕು. ನಮ್ಮ ವಾರ್ಡಿನಲ್ಲಿ ಬೆಳಿಗ್ಗೆ ಪಾರ್ಕಿನಲ್ಲಿ ನಗೆಕೂಟ ಮಾಡುವ ನಿವೃತ್ತರೇ ಐವತ್ತು ಜನ ಇದ್ದಾರೆ. ಸರದಿ ಹಾಕಿಕೊಂಡರೆ ಒಬ್ಬರ ಪಾಳಿ ತಿಂಗಳಿಗೆ ಒಂದು ಸಲವೂ ಬರಲ್ಲ. ನಾನು ಬುಧವಾರ ಬರುತ್ತೇನೆ.

ಶಾಲೆಯವರಿಗೂ ಒಂದು ಮಾತು. ನಮ್ಮ ಕಡೆಯ ಒಂದು ಶಾಲೆಯಲ್ಲಿ ಮೊದಲು ದೊಡ್ಡ ಸೈಕಲ್ ಸ್ಟ್ಯಾಂಡ್ ಇತ್ತು, ಶೀಟಿನ ಮಾಡು, ಸಾಲು ಕಂಬಿ. ಈಗ ಅಲ್ಲಿ ಸಿಬ್ಬಂದಿ ಕಾರುಗಳು ನೆರಳಲ್ಲಿ ನಿಂತಿರುತ್ತವೆ. ಸೈಕಲ್ ತಂದ ನಾಲ್ಕು ಮಕ್ಕಳಿಗೆ, ಹೊರಗೆ ಗೋಡೆಗೆ ಒರಗಿಸಿ, ಕಳೆದರೆ ನಮ್ಮ ಜವಾಬ್ದಾರಿ ಇಲ್ಲ ಅಂದರಂತೆ. ಅದರಲ್ಲಿ ಒಂದು ಕಳೆದೇ ಹೋಯಿತು. ಮಿಕ್ಕ ಮೂರು ಮನೆಯಲ್ಲೇ ಉಳಿದವು. ಹೀಗೆ ಸೈಕಲ್ ಬಿಡಿಸುವುದಕ್ಕೆ ಲಾರಿಯೇ ಬೇಕು ಅಂತಿಲ್ಲ, ನೆರಳು ಕಿತ್ತುಕೊಂಡರೂ ಸಾಕು.

2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಯಿತಲ್ಲ, ಅದಕ್ಕೇ ಸೈಕಲ್ ಕಡಿಮೆ ಆಗಿರಬಹುದು ಅಂತ ಕೆಲವರು ನನಗೆ ಹೇಳುತ್ತಾರೆ. ಇರಬಹುದು, ಒಳ್ಳೆಯದೇ ಆಯಿತು. ಮೂರು ಮೈಲಿ ದೂರದವರು ಬಸ್ಸಿನಲ್ಲೇ ಬರಲಿ. ಆದರೆ ಬಸ್‌ಸ್ಟಾಪಿಗೂ ಮಗು ನಡೆದೇ ಹೋಗಬೇಕು, ಅದೇ ಕೆಆರ್‌ಎಸ್ ರಸ್ತೆ ದಾಟಬೇಕು. ನಾನು ಬರೀ ಸೈಕಲ್‌ಗೆ ವಕಾಲತ್ತು ಹಾಕುತ್ತಿಲ್ಲ. ಸೈಕಲ್ ಹೋಗಲು ಸರಿಯಾದ ದಾರಿ ನಡೆಯುವವರಿಗೂ ಸರಿ, ಬಸ್ಸು ಇಳಿಯುವವರಿಗೂ ಸರಿ.

ಹನ್ನೆರಡು ವರ್ಷಕ್ಕೆ ಸೈಕಲ್ ಬೇಡ, ಅಪಾಯ ಅಂದ ಮನೆಯವರೇ ಹದಿನೈದಕ್ಕೆ ಸ್ಕೂಟಿ ಕೀಲಿ ಕೊಡುತ್ತಾರೆ. ಟ್ಯೂಷನ್‌ಗೆ ತಾನೇ, ಪಕ್ಕದ ಕ್ರಾಸು ತಾನೇ ಅಂತ. 2019ರಲ್ಲಿ ಕಾನೂನು ತಿದ್ದುಪಡಿ ಆಗಿದೆ. ಲೈಸೆನ್ಸ್ ವಯಸ್ಸಾಗದ ಮಗು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಗಾಡಿ ಕೊಟ್ಟವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ಅಷ್ಟು ದಂಡದಲ್ಲಿ ನಾನು ನಾಲ್ಕು ಮಕ್ಕಳಿಗೆ ಸೈಕಲ್ ಜೋಡಿಸಿಕೊಡುತ್ತೇನೆ, ಬೆಲ್ಲು, ಲಾಕು, ಕ್ಯಾರಿಯರ್ ಸಮೇತ. ಇದು ಜಾಹೀರಾತಲ್ಲ. ಸ್ವಲ್ಪ ಜಾಹೀರಾತು ಅಂದುಕೊಂಡರೂ ಬೇಜಾರಿಲ್ಲ.

ಗೋಕುಲಂಗೆ ಯೋಗ ಕಲಿಯಲು ಹೊರದೇಶದವರು ಬರುತ್ತಾರಲ್ಲ, ಅವರಲ್ಲಿ ಕೆಲವರು ಪಂಚರ್ ಹಾಕಿಸಲು ನನ್ನ ಹತ್ತಿರ ಬರುತ್ತಾರೆ. ನೆದರ್‌ಲ್ಯಾಂಡ್ಸಿನ ಒಬ್ಬ ಹೆಂಗಸು, ನನ್ನ ವಯಸ್ಸಿನವರೇ, ಒಂದು ದಿನ ಟ್ಯೂಬು ಒಣಗುವ ತನಕ ಸ್ಟೂಲ್ ಮೇಲೆ ಕೂತಿದ್ದರು. ನನ್ನ ಇಂಗ್ಲಿಷು, ಅವರ ಕನ್ನಡ, ಹೂವಿನವರ ಮಗಳು ಮಧ್ಯೆ. ನಿಮ್ಮಲ್ಲಿ ಎಲ್ಲರೂ ಸೈಕಲ್ ಅಂತೆ, ನಿಮ್ಮ ಅದೃಷ್ಟ ಅಂದೆ. ಅದೃಷ್ಟ ಅಲ್ಲ ಅಂದರು. ಅವರು ಚಿಕ್ಕವರಿದ್ದಾಗ ಅಲ್ಲೂ ಕಾರು ಜಾಸ್ತಿಯಾಗಿ, 1971ರ ಒಂದೇ ವರ್ಷದಲ್ಲಿ ನಾನೂರಕ್ಕೂ ಜಾಸ್ತಿ ಮಕ್ಕಳು ರಸ್ತೆಯಲ್ಲಿ ಸತ್ತರಂತೆ. ಅಪ್ಪ ಅಮ್ಮಂದಿರು ಬೀದಿಗೆ ಬಂದು, 'ಮಕ್ಕಳನ್ನು ಕೊಲ್ಲುವುದು ನಿಲ್ಲಿಸಿ' ಅಂತ ಚಳವಳಿ ಮಾಡಿದರಂತೆ. ಆಮೇಲೆ ಒಂದೊಂದೇ ರಸ್ತೆ ಬದಲಾಯಿತಂತೆ. ನಾನು ಇಷ್ಟು ದಿನ ಅವರು ಹುಟ್ಟುವಾಗಲೇ ಸೈಕಲ್ ಹತ್ತಿಕೊಂಡು ಹುಟ್ಟುತ್ತಾರೆ ಅಂದುಕೊಂಡಿದ್ದೆ. ಪಂಚರ್‌ಗೆ ದುಡ್ಡು ಬೇಡ ಅಂದೆ, ಕೊಟ್ಟೇ ಹೋದರು.

ನಮ್ಮ ರಾಜ್ಯದಲ್ಲೂ ನಡೆಯುವವರಿಗೆ, ಸೈಕಲ್‌ನವರಿಗೆ ರಸ್ತೆಯಲ್ಲಿ ಹಕ್ಕು ಕೊಡುವ ಒಂದು ಮಸೂದೆಯ ಕರಡನ್ನು ನಗರ ಭೂಸಾರಿಗೆ ನಿರ್ದೇಶನಾಲಯದವರು ಕೆಲವು ವರ್ಷದ ಹಿಂದೆ ತಯಾರಿಸಿದ್ದರು. ಆಗ ಪೇಪರಿನಲ್ಲಿ ಓದಿ ಕತ್ತರಿಸಿ ಇಟ್ಟಿದ್ದೆ, ಅಂಗಡಿಯಲ್ಲಿ ಎಲ್ಲೋ ಇದೆ, ಎಣ್ಣೆ ಕೈಯಲ್ಲಿ ಮುಟ್ಟಿ ಕಪ್ಪಾಗಿರಬೇಕು. ಕಾನೂನು ಬರಲಿ, ಬೇಡ ಅನ್ನುವವರು ಯಾರು? ಆದರೆ ಜಾಲರಿಗೆ ಅಡ್ಡಪಟ್ಟಿ ಹಾಕಲು ಯಾವ ಮಸೂದೆಯೂ ಬೇಕಾಗಿಲ್ಲ. ನಮಗೆ ಭಾನುವಾರ ಒಂದು ಗಂಟೆ ಬೇಕಾಯಿತು.

ಸಂಬಂಧಪಟ್ಟವರು ಯಾರಾದರೂ ಇದನ್ನು ಓದಿದರೆ ಒಂದು ಕೋರಿಕೆ. ದಯವಿಟ್ಟು ಎಂಟು ಗಂಟೆಗೆ ಬನ್ನಿ, ಹನ್ನೊಂದಕ್ಕೆ ಬೇಡ. ಹನ್ನೊಂದಕ್ಕೆ ಮೈಸೂರಿನ ರಸ್ತೆ ಎಲ್ಲ ಚೆನ್ನಾಗಿಯೇ ಕಾಣುತ್ತವೆ. ಮಳೆ ಬಂದ ದಿನವಾದರೆ ಇನ್ನೂ ಒಳ್ಳೆಯದು. ಮಂಜುನಾಥಪುರದಿಂದ ಒಂಟಿಕೊಪ್ಪಲಿಗೆ ನನ್ನ ಜೊತೆ ಸೈಕಲ್‌ನಲ್ಲಿ ಬನ್ನಿ. ನಿಧಾನಕ್ಕೆ ತುಳಿದರೂ ಹತ್ತು ನಿಮಿಷ. ಆ ಹುಡುಗಿ ಬಿಟ್ಟುಹೋದ ಸೈಕಲ್ ಇದೆಯಲ್ಲ, ಅದಕ್ಕೆ ಹೊಸ ರಿಮ್ಮು ಹಾಕಿ, ಸೀಟು ಎತ್ತರಿಸಿ, ನಿಮಗೆ ಅಂತ ಇಟ್ಟಿರುತ್ತೇನೆ. ಬೆಲ್ಲು ಮಾತ್ರ ಇಲ್ಲ.

ಕಾರಿನಲ್ಲಿ ಬರಬೇಡಿ. ಅಂಗಡಿ ಮುಂದೆ ನಿಲ್ಲಿಸಲು ಜಾಗ ಇಲ್ಲ, ಮಕ್ಕಳು ಓಡಾಡುತ್ತಿರುತ್ತಾರೆ.

ಇಂತಿ ನಿಮ್ಮ ಓದುಗ,
ಸೈಕಲ್ ಶಾಪಿನವನು
ಒಂಟಿಕೊಪ್ಪಲು, ಮೈಸೂರು